ದೊಡ್ಡದು ಮಾಡ್ರಿ

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಬರೆಯುತ್ತೇನೆ ಅಂದರೆ ಕತೆಯೋ ಕವನವೋ ಅನ್ನುತ್ತಾರೆ. ಕಂಪ್ಯೂಟರ್ ಕೆಲಸ ಅಂದರೆ ಪಹಣಿ ತೆಗೆದುಕೊಡ್ತೀರೇನು ಅನ್ನುತ್ತಾರೆ. ಯಂತ್ರದ ಡಬ್ಬಿಯಲ್ಲಿ ಯಾರೂ ಓದದ ಒಂದು ಪುಸ್ತಕ ಇರುತ್ತದಲ್ಲ, ಅದನ್ನು ಬರೆಯುವವಳು ನಾನು ಅಂದರೆ ಮಾತ್ರ ಎಲ್ಲರಿಗೂ ತಟ್ಟನೆ ತಿಳಿಯುತ್ತದೆ. ಆಮೇಲೆ ನನ್ನನ್ನು ಕೊಂಚ ಕನಿಕರದಿಂದ ನೋಡುತ್ತಾರೆ.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯೇ ನನ್ನ ಕಚೇರಿ. ಅಲ್ಲಿ ಕೂತು ಪಂಪಿನ ಸ್ಟಾರ್ಟರ್, ಮೆಕ್ಕೆಜೋಳ ಬಿಡಿಸುವ ಯಂತ್ರ, ಔಷಧಿ ಹೊಡೆಯುವ ಪಂಪು, ಇಂಥವುಗಳ ಕೈಪಿಡಿ ಬರೆಯುತ್ತೇನೆ. ಈ ಕೆಲಸ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ನಾನು ಹುಟ್ಟಾ ಅಂಜುಬುರುಕಿ. ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು, ಬಸ್ಸು ಹತ್ತಿದ ಮೇಲೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ನೆನೆದು ಬೆವರುವವಳು. ಬೇರೆಯವರ ಮನೆಯಲ್ಲಾದರೆ ಇದಕ್ಕೆ ಬೈಗುಳ ಸಿಗುತ್ತಿತ್ತು. ನನ್ನ ಕಸುಬಿನಲ್ಲಿ ಇದಕ್ಕೇ ಎಚ್ಚರಿಕೆಗಳು ಅಂತ ಹೆಸರು, ಅವುಗಳನ್ನು ಬರೆದಷ್ಟೂ ಒಳ್ಳೆಯವಳು ಅನ್ನಿಸಿಕೊಳ್ಳಬಹುದು.

ನಾನು ಬಳಸುವ ತಂತ್ರಾಂಶ ಹಳೆಯದು, ನೋಡಲು ಚಂದವೂ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಆದರೆ ಅದರ ಮೇಲೆ ನನಗೆ ಎಷ್ಟು ಮೋಹ ಅಂದರೆ ಮದುವೆ ಮನೆಗಳಲ್ಲೂ ಅದರ ಗುಣಗಾನ ಮಾಡಿ ಜನರನ್ನು ಓಡಿಸಿದ್ದೇನೆ. ಹೇಳಬೇಕಾದದ್ದನ್ನು ಒಂದೇ ಕಡೆ, ಒಂದೇ ಸಲ ಬರೆಯುವುದು. ಬರೆಯುವಾಗ ಪ್ರತಿಯೊಂದು ವಾಕ್ಯಕ್ಕೂ ಅದು ಯಾವ ಜಾತಿಯದು ಅಂತ ಗುರುತು ಹಾಕುವುದು: ಇದು ಮಾಡಬೇಕಾದ ಹಂತ, ಇದು ಎಚ್ಚರಿಕೆ, ಇದು ಭಾಗದ ಹೆಸರು. ಆಮೇಲೆ ಒಂದು ಆಜ್ಞೆ ಕೊಟ್ಟರೆ ಆ ಒಂದೇ ಬರಹದಿಂದ ಅಚ್ಚಿನ ಪುಸ್ತಕ, ಮೊಬೈಲಿನಲ್ಲಿ ತೆರೆಯುವ ಪುಟ, ಗೋಡೆಗೆ ಅಂಟಿಸುವ ಹಾಳೆ, ಎಲ್ಲವೂ ಹೊರಗೆ ಬರುತ್ತವೆ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒಂದೇ ಇರುತ್ತದೆ, ಕೆಳಗಿನ ಬಿಲ್ಲೆ ಬದಲಿಸಿದರೆ ಒಮ್ಮೆ ಚಕ್ಕುಲಿ, ಒಮ್ಮೆ ಸೇವು. ಹಿಟ್ಟು ಸರಿಯಿದ್ದರೆ ಎಲ್ಲವೂ ಸರಿ. ಹಾಗಂತ ನಾನು ಬಹಳ ವರ್ಷ ನಂಬಿದ್ದೆ.

ಹರಪನಹಳ್ಳಿಯಲ್ಲಿ ಒಲೆ ಮಾಡುವ ಒಂದು ವರ್ಕ್‌ಶಾಪ್ ಇದೆ. ಅದರ ಮಾಲೀಕರನ್ನು ಎಲ್ಲರೂ ಉಸ್ತಾದ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ತಂದೆ ಸೀಮೆಎಣ್ಣೆ ಸ್ಟೋವು ರಿಪೇರಿ ಮಾಡುತ್ತಿದ್ದವರು. ಇವರು ಕಬ್ಬಿಣದ ಆ್ಯಂಗಲ್ ಕತ್ತರಿಸಿ, ಬೆಸುಗೆ ಹಾಕಿ, ಹಾಸ್ಟೆಲ್ಲು, ಶಾಲೆ, ಕಲ್ಯಾಣ ಮಂಟಪಗಳಿಗೆ ದೊಡ್ಡ ಗ್ಯಾಸ್ ಒಲೆ ಮಾಡಿಕೊಡುತ್ತಾರೆ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಅವರ ಒಲೆಗಳಿವೆ. ಒಲೆಯ ಜೊತೆ ಒಂದು ಕೈಪಿಡಿ ಕೊಡಬೇಕು ಅಂತ ಅವರಿಗೆ ಅನ್ನಿಸಿ ನನ್ನ ಹತ್ತಿರ ಬಂದರು. ಮೊದಲ ಕರಡು ಓದಿ ಕನ್ನಡಕ ತೆಗೆದಿಟ್ಟು, "ಅಮ್ಮಾ, ಇದನ್ನ ಓದಿದ್ರೆ ನನ್ನ ಒಲೆ ನಾನೇ ಮುಟ್ಟಲ್ಲ" ಅಂದರು. ಎಚ್ಚರಿಕೆಗಳನ್ನು ಅರ್ಧ ಮಾಡಿದೆವು. ನನಗೆ ಅದೇ ಒಂದು ವಾರದ ಸಂಕಟವಾಯಿತು.

ಉಸ್ತಾದರ ಒಲೆಗಳಲ್ಲಿ ಎರಡು ಹಡಗಲಿ ಕಡೆಯ ಹೊಳಲಿನ ಹಾಸ್ಟೆಲ್ಲಿನಲ್ಲಿದ್ದವು. ಅಲ್ಲಿ ಅಡುಗೆ ಮಾಡುವವಳು ನನ್ನ ಅಕ್ಕ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ನನಗೋಸ್ಕರ ಅವಳು ಶಾಲೆ ಬಿಟ್ಟಳು ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಆದರೆ ವರ್ಷ ಎಣಿಸಿದರೆ ಹಾಗೇ ಬರುತ್ತದೆ. ಅವಳಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ಬಣ್ಣ ನೋಡಿ ಹತ್ತುತ್ತಾಳೆ. ನಾನು ಬರೆದ ಕೈಪಿಡಿಯನ್ನು ಅವಳು ಕೈಯಲ್ಲಿ ಹಿಡಿದು ಪುಟ ತಿರುವಿ, "ಚಂದ ಐತಿ, ಚಿತ್ರ ಇನ್ನಷ್ಟು ಹಾಕಬೇಕಿತ್ತು" ಅಂದಾಗ ನನಗೆ ನಾಚಿಕೆಯಾಯಿತು. ಅಡುಗೆಯ ಹೆಂಗಸರಿಗೆ ಅಂತ ಬರೆದ ಪುಸ್ತಕ, ನನ್ನನ್ನು ಸಾಕಿದ ಅಡುಗೆಯವಳಿಗೇ ಓದಲು ಬರುವುದಿಲ್ಲ. ಅವತ್ತೇ ಒಂದು ನಾಲ್ಕನೆಯ ಬಿಲ್ಲೆ ಹಾಕೋಣ ಅಂತ ತೀರ್ಮಾನಿಸಿದೆ. ಅದೇ ಬರಹದಿಂದ ಒಂದು ಧ್ವನಿ ತೆಗೆಯುವುದು, ಕಂಪ್ಯೂಟರಿನ ಹೆಣ್ಣು ದನಿ ಅದನ್ನು ಓದುವುದು, ಅದನ್ನು ಅಡುಗೆಯವರ ವಾಟ್ಸಾಪಿಗೆ ಕಳಿಸುವುದು.

ಮೊದಲ ಧ್ವನಿ ಕೇಳಿ ಅಕ್ಕ ಬಿದ್ದು ಬಿದ್ದು ನಕ್ಕಳು. "ಯಾರಲೇ ಆಕಿ? ಬಸ್ ಸ್ಟ್ಯಾಂಡಿನ್ಯಾಗ ಕೂಗಿದಂಗ ಕೂಗ್ತಾಳ. 'ಪರಿಶೀಲಿಸಿ' ಅಂತ. ಏನದು, ಪರೀಕ್ಷಿನಾ?"

ಹಾಗಾಗಿ ಒಂದು ಪದಪಟ್ಟಿ ಮಾಡಿದೆ. ಎಡಗಡೆ ಬರಹದ ಮಾತು, ಬಲಗಡೆ ಆಡುಮಾತು. ಧ್ವನಿ ತೆಗೆಯುವಾಗ ಮಾತ್ರ ತಂತ್ರಾಂಶ ಎಡಗಡೆಯದನ್ನು ತೆಗೆದು ಬಲಗಡೆಯದನ್ನು ಹಾಕುತ್ತದೆ. ಪರಿಶೀಲಿಸಿ ಇದ್ದದ್ದು ನೋಡ್ರಿ, ಅನಿಲ ಇದ್ದದ್ದು ಗ್ಯಾಸ್, ಮುಚ್ಚಿ ಇದ್ದದ್ದು ಬಂದ್ ಮಾಡ್ರಿ, ವಾಸನೆ ಇದ್ದದ್ದು ವಾಸನಿ. ಭಾನುವಾರಗಳಂದು ಅಕ್ಕನಿಗೆ ಫೋನ್ ಹಚ್ಚಿ ಒಂದೊಂದು ವಾಕ್ಯ ಓದುತ್ತಿದ್ದೆ, ಅವಳು ತಿದ್ದುತ್ತಿದ್ದಳು. ಅವಳ ಜೊತೆ ಅಡುಗೆ ಮಾಡುವ ಇನ್ನೊಬ್ಬ ಹೆಂಗಸು ಇದ್ದರು, ಅವಳದೇ ವಯಸ್ಸಿನವರು. ಅವರ ದನಿ ಆಗಾಗ ಹಿಂದಿನಿಂದ ಕೇಳಿಸುತ್ತಿತ್ತು. ನಾನು ಅವರನ್ನು ಒಂದೆರಡು ಸಲ ನೋಡಿದ್ದೆ ಅಷ್ಟೇ. ಅಕ್ಕ ನನಗೆ ಕಲಿಸುವ ಆ ಭಾನುವಾರಗಳು ನನಗೆ ಎಷ್ಟು ಹಿತವಾಗಿದ್ದವು ಅಂದರೆ ಕೆಲಸ ಮುಗಿಯುವುದೇ ಬೇಡ ಅನ್ನಿಸುತ್ತಿತ್ತು.

ಒಂದು ಭಾನುವಾರ ಈ ವಾಕ್ಯ ಬಂತು: 'ಹತ್ತಿರದಲ್ಲಿರುವ ದೀಪ, ಊದಿನಕಡ್ಡಿ ಆರಿಸಿ.' ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಅಕ್ಕ ದೇವರ ಪಟದ ಮುಂದೆ ಒಂದು ಸಣ್ಣ ದೀಪ ಹಚ್ಚಿಯೇ ಒಲೆ ಹಚ್ಚುವುದು. ಗ್ಯಾಸು ಸೋರಿದರೆ ಅದೂ ಉರಿಯಬಾರದು ಅಂತ ನಾನು ಸೇರಿಸಿದ್ದ ಎಚ್ಚರಿಕೆ ಅದು.

"ಹಂಗ ಅನ್ನಬಾರದಲೇ," ಅಂದಳು ಅಕ್ಕ. "ದೀಪ ಆರ್ಸು ಅಂತಾರೇನು ಯಾರರ? ದೊಡ್ಡದು ಮಾಡು ಅಂತಾರ. ಅವ್ವ ಏನಂತಿದ್ಲು, ಮರತೇನು?"

ಮರೆತಿರಲಿಲ್ಲ. ನಮ್ಮ ಮನೆಯಲ್ಲಿ ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನಿ' ಅನ್ನುತ್ತಾರೆ. ಕೆಟ್ಟದ್ದನ್ನು ಬಾಯಿಂದ ಆಡಿದರೆ ಅದು ಎಲ್ಲೋ ನಿಂತು ಕೇಳಿಸಿಕೊಂಡುಬಿಡುತ್ತದೆ ಅನ್ನುವ ಭಯ. ನಾನು ಓದಿದವಳು, ಇದನ್ನೆಲ್ಲ ನಂಬುವುದಿಲ್ಲ ಅಂತ ಹೇಳಿಕೊಳ್ಳುತ್ತೇನೆ. ಆದರೆ ಇಷ್ಟು ವರ್ಷದಲ್ಲಿ ಒಮ್ಮೆಯೂ 'ದೀಪ ಆರಿಸಿದೆ' ಅಂತ ನನ್ನ ಬಾಯಿಂದ ಬಂದಿಲ್ಲ.

ಹಿಂದಿನಿಂದ ಆ ಇನ್ನೊಬ್ಬ ಹೆಂಗಸಿನ ದನಿ ಕೇಳಿಸಿತು. "ಆರ್ಸು ಅಂದ್ರ ಏನಾತು? ಎಲ್ಲಾರಿಗೂ ತಿಳೀತೈತಿ."

"ಈಕಿಗೆ ಏನ್ ಗೊತ್ತೈತಿ ಬಿಡು," ಅಂತ ಅಕ್ಕ ನಕ್ಕಳು. ನಾನೂ ನಕ್ಕೆ. ಅವರದು ಬೌದ್ಧರ ಮನೆ. ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚುತ್ತಾರೆ, ಆಮೇಲೆ ಆರಿಸುತ್ತಾರೆ, ಆರಿಸಿದೆ ಅಂತಲೇ ಹೇಳುತ್ತಾರೆ. ಅವರ ಮಾತಿಗೆ ನಾವಿಬ್ಬರೂ ಉತ್ತರ ಕೊಡಲಿಲ್ಲ.

ಪದಪಟ್ಟಿಯಲ್ಲಿ ಮೊದಲು 'ದೀಪ ಆರಿಸಿ' ಅಂತ ಎರಡು ಪದ ಸೇರಿಸಿಯೇ ಹಾಕಿದೆ. ತಂತ್ರಾಂಶ ಹಿಡಿಯಲಿಲ್ಲ, ಯಾಕೆಂದರೆ ನನ್ನ ವಾಕ್ಯದಲ್ಲಿ ದೀಪಕ್ಕೂ ಆರಿಸುವುದಕ್ಕೂ ನಡುವೆ ಊದಿನಕಡ್ಡಿ ಕೂತಿತ್ತು. ಬೇಸರವಾಗಿ ದೀಪವನ್ನು ಕಿತ್ತು ಬರೀ 'ಆರಿಸಿ' ಉಳಿಸಿದೆ, ಬಲಗಡೆ 'ದೊಡ್ಡದು ಮಾಡ್ರಿ' ಬರೆದೆ. ಆ ಒಂದು ವಾಕ್ಯ ಹಾಕಿ ಕೇಳಿದೆ. 'ದೀಪ, ಊದಿನಕಡ್ಡಿ ದೊಡ್ಡದು ಮಾಡ್ರಿ' ಅಂತ ಕಂಪ್ಯೂಟರಿನ ಹೆಣ್ಣು ನಮ್ಮ ಅವ್ವನ ಮಾತಾಡಿದಳು. ಕಣ್ಣಲ್ಲಿ ನೀರೇ ಬಂತು. ಶನಿವಾರ ಉಸ್ತಾದರ ಒಲೆಗಳಿರುವ ಎಲ್ಲ ಊರಿನ ಅಡುಗೆಯವರ ವಾಟ್ಸಾಪ್ ಗುಂಪುಗಳಿಗೆ ಕಳಿಸಿಬಿಟ್ಟೆ.

ಬೀಗ ಮೂರು ಸಲ ಎಳೆದು ನೋಡುವ ನಾನು ಆ ಧ್ವನಿಯನ್ನು ಪೂರ್ತಿ ಒಮ್ಮೆಯೂ ಕೇಳಲಿಲ್ಲ. ಅಚ್ಚಿನ ಕರಡನ್ನು ಮೂರು ಸಲ ಓದಿದ್ದೆನಲ್ಲ, ಹಿಟ್ಟು ಅದೇ ತಾನೇ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಉಸ್ತಾದರ ಫೋನು ಬಂತು.

"ಅಮ್ಮಾ, ಒಂದು ಮಾತು. ಕೊಟ್ಟೂರಿನ ಕಲ್ಯಾಣ ಮಂಟಪದಿಂದ ಒಬ್ಬಾಕೆ ಫೋನ್ ಮಾಡಿದ್ಲು. ವಾಸನೆ ಬಂದ್ರೆ ಉರಿ ದೊಡ್ಡದು ಮಾಡ್ರಿ ಅಂತ ಹೇಳ್ಯಾಳಂತೆ ಮೊಬೈಲಿನಾಕೆ. ಅದ್ಯಾಕೆ ಹಂಗೆ ಅಂತ ಕೇಳ್ತಾಳೆ. ನೀವು ಹಂಗೆ ಬರ್ದೀರೇನು?"

"ಇಲ್ರೀ," ಅಂದೆ. ಅಂದ ಕೂಡಲೇ ತಿಳಿಯಿತು.

ಪದಪಟ್ಟಿ ತೆರೆಯುವಷ್ಟರಲ್ಲಿ ಎರಡು ಸಲ ತಪ್ಪು ಕೀಲಿ ಒತ್ತಿದೆ. ಬರಹದಲ್ಲಿ ಹೀಗಿತ್ತು: 'ಅನಿಲದ ವಾಸನೆ ಬಂದ ಕೂಡಲೇ ಉರಿ ಆರಿಸಿ.' ಧ್ವನಿ ಹಾಕಿದೆ. 'ಗ್ಯಾಸ್ ವಾಸನಿ ಬಂದ ಕೂಡಲೇ ಉರಿ ದೊಡ್ಡದು ಮಾಡ್ರಿ' ಅಂತ ಅವಳು ಸಮಾಧಾನವಾಗಿ, ಸ್ಪಷ್ಟವಾಗಿ ಹೇಳಿದಳು. ಇನ್ನೂ ಮುಂದೆ, 'ಪಾತ್ರೆಗೆ ತಕ್ಕ ಬರ್ನರ್ ಆರಿಸಿ' ಅಂತ ಇದ್ದ ಕಡೆಯೂ 'ಬರ್ನರ್ ದೊಡ್ಡದು ಮಾಡ್ರಿ' ಅಂದಳು. ಆಯ್ದುಕೊಳ್ಳುವುದಕ್ಕೂ ನಮ್ಮಲ್ಲಿ ಅದೇ ಪದ ತಾನೇ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ದೇವರ ದೀಪಕ್ಕೆ ದೊಡ್ಡದು ಸಣ್ಣದು ಮಾಡುವ ತಿರುಗಣಿ ಇರುವುದಿಲ್ಲ, ಆ ಮಾತು ಅಲ್ಲಿ ನಡೆಯುತ್ತದೆ. ಉಸ್ತಾದರ ಒಲೆಗೆ ಇದೆ. ಬಲಕ್ಕೆ ತಿರುಗಿಸಿದರೆ ಉರಿ ನಿಜವಾಗಿಯೂ ದೊಡ್ಡದಾಗುತ್ತದೆ.

ಆ ಸಾಲು ಅಳಿಸಿ ಮತ್ತೆ ಆಜ್ಞೆ ಕೊಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ, ನಾಲ್ಕೂ ರೂಪಗಳು ಸರಿಯಾಗಿ ಹೊರಬಂದವು. ಮೂಲದಲ್ಲಿ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ ಅನ್ನುವುದು ನನ್ನ ಕಸುಬಿನ ಹೆಮ್ಮೆ. ಆದರೆ ಶನಿವಾರ ಕಳಿಸಿದ ಧ್ವನಿಗೆ ನಾನು ಯಾರೂ ಅಲ್ಲ. ಅದು ಆಗಲೇ ಹೆಂಗಸರ ಫೋನುಗಳಲ್ಲಿ ಇಳಿದಿತ್ತು, ಅಲ್ಲಿಂದ ಅವರ ನಾದಿನಿ, ಓರಗಿತ್ತಿಯರ ಫೋನುಗಳಿಗೆ ಹೋಗಿತ್ತು. ವಾಪಸ್ ತೆಗೆಯುವ ಹೊತ್ತು ಮೀರಿತ್ತು. ಹೊಸದನ್ನು ಕಳಿಸಿ 'ಹಳೆಯದು ತಪ್ಪು, ಕೇಳಬೇಡಿ' ಅಂತ ಬರೆದೆ. ಬರೆದ ಮೇಲೆ ಹೊಳೆಯಿತು, ಓದಲು ಬಾರದವರಿಗೆ ಅಂತಲೇ ಮಾಡಿದ್ದು ಈ ಧ್ವನಿ.

ಊರುಗಳನ್ನು ಹಂಚಿಕೊಂಡೆವು. ಹರಪನಹಳ್ಳಿ, ಕೂಡ್ಲಿಗಿ ಉಸ್ತಾದರಿಗೆ, ಉಳಿದದ್ದು ನನಗೆ. "ಅಮ್ಮಾ, ಗಾಬರಿ ಬೀಳಬೇಡ್ರಿ. ನಾನು ಗಾಡಿ ತಗೊಂಡು ನೀಲಗುಂದ, ಹಲವಾಗಲು ಕಡೆ ಹೋಗಿ ಬಾಯಿಂದಲೇ ಹೇಳಿ ಬರ್ತೀನಿ," ಅಂದರು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನಾನು ಫೋನು ಹಚ್ಚುತ್ತ ಹೋದೆ. ಮೊದಲನೆಯಾಕೆ, "ಅಯ್ಯ, ನಾ ಅದನ್ನ ಕೇಳೇ ಇಲ್ರೀ," ಅಂದಳು. ನನ್ನ ಕೆಲಸವನ್ನು ಯಾರೂ ಗಮನಿಸುವುದಿಲ್ಲ ಅನ್ನುವುದು ಅಷ್ಟು ಖುಷಿ ಕೊಟ್ಟದ್ದು ಅದೇ ಮೊದಲು. ಎರಡನೆಯಾಕೆ ಪೂರ್ತಿ ಕೇಳಿದ್ದಳು, ಬಾಯಿಪಾಠವನ್ನೇ ಒಪ್ಪಿಸಿದಳು. "ತಪ್ಪಾಗೈತ್ರಿ, ಉರಿ ಆರಿಸಬೇಕು," ಅಂದರೆ, "ಹೌದಲ್ಲ ಮತ್ತ, ನನಗೂ ಹಂಗ ಅನ್ನಿಸ್ತು," ಅಂದಳು. ಎಲ್ಲರೂ ಒಬ್ಬೊಬ್ಬರಾಗಿ ಸಿಕ್ಕರು. ಅಕ್ಕ ಸಿಗಲಿಲ್ಲ.

ಅವಳ ಫೋನು ಅಡುಗೆ ಮುಗಿಯುವವರೆಗೆ ಉಗ್ರಾಣದ ಮೊಳೆಗೆ ತೂಗುಹಾಕಿದ ಚೀಲದಲ್ಲಿ ಇರುತ್ತದೆ. ನನಗೆ ಗೊತ್ತು. ಹಾಸ್ಟೆಲ್ಲಿನ ವಾರ್ಡನ್ನರಿಗೆ ಹಚ್ಚಿದೆ, ಹಡಗಲಿಯಲ್ಲಿ ಮೀಟಿಂಗಿನಲ್ಲಿದ್ದೇನೆ ಅಂತ ಒಂದು ಸಾಲು ಬಂತು. ಆ ಹೊತ್ತಿಗೆ ಹಿಂದಿನ ದಿನದ ಮಾತು ನೆನಪಾಯಿತು. ಭಾನುವಾರ ಅಕ್ಕ ಹೇಳಿದ್ದಳು, "ಎರಡನೇ ಸಿಲಿಂಡರಿನ ಪೈಪಿನ ಹತ್ರ ಒಂದೀಟು ವಾಸನಿ ಬಂದಂಗ ಆಗತೈತಿ ಲೇ." ನಾನು ಏನು ಹೇಳಿದ್ದೆ? "ಉಸ್ತಾದರಿಗೆ ಹೇಳ್ತೀನಿ. ಅಲ್ಲೀತನಕ, ನಾ ಕಳಿಸೀನಲ್ಲ, ಅದನ್ನ ಕೇಳು. ಆಕಿ ಹೆಂಗ ಹೇಳ್ತಾಳ, ಹಂಗ ಮಾಡು." ಅಕ್ಕ ನಾನು ಹೇಳಿದ್ದನ್ನು ಮೀರುವವಳಲ್ಲ. ನಾನು ಓದಿದವಳು ಅನ್ನುವುದು ಅವಳ ಹೆಮ್ಮೆ.

ಉಸ್ತಾದರಿಗೆ ಪೈಪಿನ ವಿಷಯ ನಾನು ಹೇಳಿರಲೂ ಇಲ್ಲ. ಸೋಮವಾರ ಹೇಳಿದರಾಯಿತು ಅಂದುಕೊಂಡಿದ್ದೆ.

ಹಡಗಲಿ ಬಸ್ಸು ಹತ್ತಿದೆ. ಕೋಣೆಗೆ ಬೀಗ ಹಾಕಿದೆನೋ ಇಲ್ಲವೋ, ಅವತ್ತು ಎಳೆದು ನೋಡಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಅಕ್ಕನಿಗೆ ಫೋನು ಹಚ್ಚಿದೆ, ಅದು ಪೂರ್ತಿ ರಿಂಗಾಗಿ ನಿಲ್ಲುತ್ತಿತ್ತು. ಚೀಲದೊಳಗೆ ಅದು ರಿಂಗಾಗುವುದೂ, ಚೀಲ ಅಲುಗುವುದೂ ನನಗೆ ಕಾಣುತ್ತಿತ್ತು. ಹನ್ನೊಂದು ಗಂಟೆಗೆ ಅನ್ನಕ್ಕೆ ಇಡುತ್ತಾಳೆ. ಹನ್ನೊಂದೂವರೆಗೆ ಸಾರು. ಈಗ ದೊಡ್ಡ ಪಾತ್ರೆ ಏರಿಸಿರುತ್ತಾಳೆ, ಈಗ ಬಗ್ಗಿ ಉರಿ ನೋಡುತ್ತಿರುತ್ತಾಳೆ. ನನ್ನ ತಲೆಯೊಳಗೆ ಆ ಕಂಪ್ಯೂಟರಿನ ಹೆಣ್ಣು ಬಿಡದೆ ಹೇಳುತ್ತಲೇ ಇದ್ದಳು. ಅವಳಿಗೆ ಅವ್ವನ ಮಾತು ಕಲಿಸಿದ್ದಕ್ಕೆ ನನ್ನನ್ನು ನಾನೇ ಬಾಯಿಗೆ ಬಂದಂತೆ ಬೈದುಕೊಂಡೆ. ಕನ್ನಡ ಎಂಎ ಮಾಡಿದವಳಿಗೆ ಆರಿಸು ಅನ್ನುವ ಪದ ಎಲ್ಲೆಲ್ಲಿ ಕೂತಿರುತ್ತದೆ ಅಂತ ಹುಡುಕಿ ನೋಡುವಷ್ಟು ಬುದ್ಧಿ ಬೇಡವೇ.

ಹಡಗಲಿಯಲ್ಲಿ ಹೊಳಲಿನ ಬಸ್ಸು ನಿಂತೇ ಇತ್ತು, ಡ್ರೈವರು ಚಹಾಕ್ಕೆ ಹೋಗಿದ್ದರು. ಪಕ್ಕದ ಸೀಟಿನಲ್ಲಿ ಒಬ್ಬಾಕೆ ಮಲ್ಲಿಗೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವತ್ತು ಮಲ್ಲಿಗೆಯೂ ನನಗೆ ಗ್ಯಾಸಿನ ಹಾಗೆ ನಾರಿತು. ಸೆರಗು ಮೂಗಿಗೆ ಹಿಡಿದದ್ದು ನೋಡಿ ಅವಳಿಗೆ ಸಿಟ್ಟು ಬಂದಿರಬೇಕು. "ತಾಜಾ ಅದಾವ್ರಿ ಹೂವು," ಅಂದಳು. ನನ್ನದು ಅಕ್ಕ, ಅಕ್ಕ, ಅಕ್ಕ ಅಂತ ಒಂದೇ ಜಪ. ಅಕ್ಕನಿಗೆ ಏನೂ ಆಗದಿರಲಿ, ಬೇರೆ ಏನಾದರೂ ಆಗಲಿ. ಹೌದು, ಹಾಗೆಯೇ ಬೇಡಿಕೊಂಡೆ.

ಹೊಳಲಿನಲ್ಲಿ ಇಳಿದು ಹಾಸ್ಟೆಲ್ಲಿನವರೆಗೆ ಓಡುನಡಿಗೆಯಲ್ಲಿ ಹೋದೆ. ಗುಂಪು ಕೂಡಿರಲಿಲ್ಲ, ಹೊಗೆ ಇರಲಿಲ್ಲ. ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಅಕ್ಕ ಮೊರ ಇಟ್ಟುಕೊಂಡು ಮೆಂತ್ಯ ಪಲ್ಯ ಸೋಸುತ್ತ ಕೂತಿದ್ದಳು.

"ಯಾಕಲೇ, ಹೊತ್ತಲ್ಲದ ಹೊತ್ತಿನ್ಯಾಗ ಬಂದಿ?" ಅಂದಳು.

"ಫೋನ್ ಯಾಕ ಎತ್ತಲಿಲ್ಲ ನೀನು?" ಅಂತ ನಾನು ಕಿರುಚಿದೆ. ಆಮೇಲೆ ಅವಳ ಪಕ್ಕ ಕುಸಿದು ಕೂತು ಅವಳ ಎರಡೂ ಕೈ ಹಿಡಿದು ನೋಡಿದೆ. ಮೆಂತ್ಯದ ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

"ಈಗ ಅರ್ಧ ತಾಸಿನ ಹಿಂದ ವಾಸನಿ ಬಂತಲೇ," ಅಂದಳು ಅಕ್ಕ. "ಜೋರ ಬಂತು."

"ನೀ ಏನ್ ಮಾಡಿದಿ?"

"ದೊಡ್ಡದು ಮಾಡಿದೆ."

ಅವಳು ನನ್ನ ಮುಖ ನೋಡಿ, "ಅಂದ್ರ ಬಂದ್ ಮಾಡಿದ್ನಲೇ. ನೀನ ಹೇಳಿ ಕಳಿಸಿದ್ದಿಯಲ್ಲ," ಅಂದಳು. ಬೆಂಕಿ ದೊಡ್ಡದು ಮಾಡು ಅಂದರೆ ಅವಳಿಗೆ ಅರ್ಥ ಒಂದೇ. ಇಷ್ಟು ವರ್ಷ ಅವ್ವ ಹೇಳಿದ್ದೇ ಅದು. ತಿರುಗಣಿಯನ್ನು ಎಡಕ್ಕೆ ತಿರುಗಿಸಿ ಆರಿಸಿದ್ದಳು. ನನ್ನ ತಪ್ಪು ಅವಳ ಕಿವಿಯಲ್ಲಿ ತಪ್ಪೇ ಆಗಿರಲಿಲ್ಲ. ನಾನು ನಗಲು ಶುರುಮಾಡಿದೆ, ಅಳು ಬಂದರೂ ನಗುತ್ತಲೇ ಇದ್ದೆ. ಅಕ್ಕ ಮಾತ್ರ ನಗಲಿಲ್ಲ.

"ಒಳಗ ಹೋಗಿ ಆಕಿನ್ನ ನೋಡು," ಅಂದಳು.

ಒಳಗೆ ಕಿಟಕಿಯ ಕೆಳಗೆ ಆ ಇನ್ನೊಬ್ಬ ಹೆಂಗಸು ಕೂತಿದ್ದರು. ಬಲಗೈಯನ್ನು ನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದರು. ಮುಂಗೈ ಕೆಂಪಾಗಿ ಎರಡು ಕಡೆ ಬೊಬ್ಬೆ ಎದ್ದಿತ್ತು. ಕೂದಲು ಸುಟ್ಟ ವಾಸನೆ ಇನ್ನೂ ಅಲ್ಲೇ ಇತ್ತು. ಅನ್ನದ ಒಲೆಯ ಮುಂದೆ ಅಕ್ಕ, ಸಾರಿನ ಒಲೆಯ ಮುಂದೆ ಇವರು ನಿಂತಿದ್ದಾಗ ವಾಸನೆ ಬಂದಿತ್ತು. ಭಾನುವಾರ ಇಬ್ಬರೂ ಕೂತು ಆ ಧ್ವನಿಯನ್ನು ಮೂರು ಸಲ ಕೇಳಿದ್ದರಂತೆ. ಅಕ್ಕ ತನ್ನ ಒಲೆ ಆರಿಸಿದಳು. ಇವರು ತಮ್ಮ ಒಲೆಯ ತಿರುಗಣಿಯನ್ನು ಬಲಕ್ಕೆ ತಿರುಗಿಸಿದರು. ಉರಿ ಪಾತ್ರೆಯ ಸುತ್ತ ಎದ್ದು ಕೈಗೆ ಹತ್ತಿತು. ಅಕ್ಕ ಓಡಿಹೋಗಿ ಸಿಲಿಂಡರ್ ಬಂದ್ ಮಾಡಿದ್ದಳು. ಇಷ್ಟರ ಮೇಲೆ ಏನೂ ಆಗಲಿಲ್ಲ ಅನ್ನುವುದು ಯಾರ ಪುಣ್ಯವೋ ನನಗೆ ತಿಳಿಯದು, ನನ್ನದಂತೂ ಅಲ್ಲ.

ಬಸ್ಸಿನಲ್ಲಿ ಅಷ್ಟು ದೂರ ಬಂದಿದ್ದೆ. ಈ ಒಲೆಗಳ ಮುಂದೆ ಇಬ್ಬರು ನಿಂತಿರುತ್ತಾರೆ ಅನ್ನುವುದು ದಾರಿಯುದ್ದಕ್ಕೂ ಒಮ್ಮೆಯೂ ನನ್ನ ನೆನಪಿಗೆ ಬಂದಿರಲಿಲ್ಲ. ಬೇರೆ ಏನಾದರೂ ಆಗಲಿ ಅಂತ ಬೇಡಿಕೊಂಡಿದ್ದೆನಲ್ಲ, ಆ ಬೇರೆ ಏನೋ ಇಲ್ಲಿ ಬಕೆಟ್ಟಿನಲ್ಲಿ ಕೈ ಇಟ್ಟುಕೊಂಡು ಕೂತಿತ್ತು.

"ತಪ್ಪು ನಂದು ರೀ," ಅಂದೆ. ಪದಪಟ್ಟಿ, ಎಡಗಡೆ, ಬಲಗಡೆ ಅಂತ ಏನೇನೋ ವಿವರಿಸಲು ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವತ್ತ ನಾ ಅಂದಿದ್ದೆ," ಅಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀವು ನಿಮ್ಮಕ್ಕಗ ಹೇಳಿದ್ರಿ. ನನಗ ಹೇಳಲಿಲ್ಲ."

ಅಕ್ಕ ಮೊರ ಹಿಡಿದು ಒಳಗೆ ಬಂದಳು. ಅಟೆಂಡರ್ ಆಟೋ ತರಲು ಹೋಗಿದ್ದಾರೆ, ಬಂದ ಮೇಲೆ ಆಸ್ಪತ್ರೆಗೆ ಹೋಗುತ್ತೇವೆ ಅಂದಳು. ಹಲವಾಗಲಿನಿಂದ ಉಸ್ತಾದರ ಫೋನು ಬಂತು, ಪೈಪಿನ ವಿಷಯ ಹೇಳಿದೆ, ಈಗಲೇ ಅತ್ತ ಹೊರಟೆ ಅಂದರು. ಆಟೋ ಬರುವವರೆಗೆ ನಾವು ಮೂವರೂ ಆರಿದ ಒಲೆಗಳ ಮುಂದೆ ಕೂತಿದ್ದೆವು. ದೇವರ ಪಟದ ಮುಂದೆ ದೀಪ ಇರಲಿಲ್ಲ. ಅದನ್ನೂ ಅಕ್ಕ ಆಗಲೇ ದೊಡ್ಡದು ಮಾಡಿದ್ದಳು.

ನಾನು ಕಳಿಸಿದ ಹೊಸ ಧ್ವನಿಯನ್ನು ಅವರಿಬ್ಬರಿಗೂ ಕೇಳಿಸಿದೆ. ಕೇಳಿ ಆ ಹೆಂಗಸು ತಲೆ ಅಲ್ಲಾಡಿಸಿದರು. "ಆ ಮಿಷಿನ್ಯಾಕಿ ಮಾತು ಇನ್ನ ನಾ ನಂಬಂಗಿಲ್ಲ. ಆಕಿ ನಿನ್ನಿ ಒಂದು ಅಂತಾಳ, ಇವತ್ತ ಒಂದು ಅಂತಾಳ. ಮನಷ್ಯಾರು ಹೇಳ್ರಿ."

"ಹಂಗಾರ ನೀವ ಹೇಳ್ರಿ," ಅಂತ ರೆಕಾರ್ಡ್ ಒತ್ತಿ ನನ್ನ ಫೋನನ್ನು ಅವರ ಮುಂದೆ ಹಿಡಿದೆ.

ಅವರು ಅಕ್ಕನ ಕಡೆ ನೋಡಿದರು. "ಆಕಿ ಅನ್ಲಿ," ಅಂದರು.

ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ದೀಪವಿಲ್ಲದ ಪಟದ ಕಡೆ ಒಮ್ಮೆ ನೋಡಿ, ಅದಕ್ಕೆ ಬೆನ್ನು ಮಾಡಿ ಕೂತಳು. ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳಿರದ ಮಾತನ್ನು ಫೋನಿಗೆ ತೀರಾ ಹತ್ತಿರ ಬಾಯಿ ತಂದು ಹೇಳಿದಳು.

"ವಾಸನಿ ಬಂದ್ರ ಉರಿ ಆರಿಸ್ರಿ. ದೀಪಾನೂ ಆರಿಸ್ರಿ."

ಹೇಳಿ ಎರಡೂ ಗಲ್ಲ ಮುಟ್ಟಿಕೊಂಡಳು. ಆ ಹೆಂಗಸು ಬಕೆಟ್ಟಿನಿಂದ ಕೈ ತೆಗೆದು, ನೀರು ಸೋರುತ್ತಿರುವ ಬೆರಳಲ್ಲೇ ಅಕ್ಕನ ಮೊಣಕಾಲು ಮುಟ್ಟಿದರು.

"ಹಾಂ," ಅಂದರು. "ಈಗ ನನಗ ಹೇಳಿದಿ."